ಪರಿಚಯ ತಿದ್ದುವ ಬಗ್ಗೆ

ವೇಲ್ಸ್, ಮಾರ್ಚ್ ೯

ಮಾನ್ಯ ಅಧ್ಯಕ್ಷರಾದ ಪ್ರಿಚರ್ಡ್ ಅವರಿಗೆ,

ಆರೋಗ್ಯ ಮಂಡಳಿಯ ಸದಸ್ಯರ ಪರಿಚಯದಲ್ಲಿ, ವಕೀಲರ, ಪ್ರೊಫೆಸರರ ನಡುವೆ, ನಾನು ‘ಮೂವತ್ತು ವರ್ಷ ವಾರ್ಡ್ ಸೇವೆ’ ಎಂದು ಬರೆದುಕೊಟ್ಟಿದ್ದೆ. ಮಾಡಿದ್ದು ಆಸ್ಪತ್ರೆಯ ನೆಲ ಒರೆಸುವ ಕೆಲಸ. ನೀವೆಲ್ಲ ನನ್ನನ್ನು ನರ್ಸ್ ಅಂದುಕೊಂಡಿರಿ, ನಾನು ತಿದ್ದಲಿಲ್ಲ.

ಸ್ವಚ್ಛತಾ ಕೆಲಸದವರನ್ನು ಅರ್ಧಕ್ಕೆ ಇಳಿಸುವ ಮಾತು ಬಂದ ದಿನ ನೀವು, “ನೆರಿಸ್, ವಾರ್ಡ್ ಕಂಡೋರು ನೀವು, ಏನಂತೀರಿ?” ಎಂದು ಕೇಳಿದಿರಿ. ಬಾಯಿಬಿಟ್ಟರೆ ಗುಟ್ಟು ಬಯಲಾಗುತ್ತದೆಂದು ಹೆದರಿ, ಸುಮ್ಮನೆ ಕೈ ಎತ್ತಿ ಒಪ್ಪಿಬಿಟ್ಟೆ.

ನಿನ್ನೆ ಆಸ್ಪತ್ರೆಯಲ್ಲಿ ನನ್ನ ಹಳೆಯ ಜೊತೆಗಾತಿ ಗ್ಲೆನಿಸ್ ಒಬ್ಬಳೇ ಎರಡು ವಾರ್ಡ್ ಒರೆಸುತ್ತಿದ್ದಳು. “ಮಂಡಳಿಯಲ್ಲಿ ನೀನಿದ್ದೀಯಲ್ಲ ಅಂತ ಧೈರ್ಯವಾಗಿದ್ವಿ ಕಣೇ,” ಎಂದಳು. ಬೈಯಲಿಲ್ಲ. ಒದ್ದೆ ನೆಲದಲ್ಲಿ ನಾನು ಜಾರಿಬೀಳದಿರಲೆಂದು ಕೈಹಿಡಿದು ದಾಟಿಸಿದಳು.

ದಯವಿಟ್ಟು ಪರಿಚಯ ತಿದ್ದಿಸಿ. ಆ ನಿರ್ಣಯವನ್ನು ಮುಂದಿನ ಸಭೆಗೆ ಮತ್ತೆ ತನ್ನಿ. ನನ್ನನ್ನು ತೆಗೆಯುವುದಾದರೆ, ಅಲ್ಲಿ ನಾನು ಮಾತಾಡಿದ ಮೇಲೆ ತೆಗೆಯಿರಿ.

ತಲೆತಗ್ಗಿಸಿ,
ನೆರಿಸ್ ಪ್ರೋಸರ್