ಉಳಿದರೆ, ಇಳಿದರೆ

ರಾಯದುರ್ಗ
೧೦-೮-೧೯೩೭, ಮಂಗಳವಾರ

ನನ್ನ ಯಜಮಾನರ ಪಾದಗಳಿಗೆ ಓಬಕ್ಕನ ನಮಸ್ಕಾರಗಳು.

ಉಭಯ ಕುಶಲೋಪರಿ ಎಂದು ಬರೆಯುವುದು ಪದ್ಧತಿ. ತವರಿನಲ್ಲಿ ಕೂತ ನನ್ನದು ಅರ್ಧ ಕುಶಲ. ಇನ್ನರ್ಧ ಬಳ್ಳಾರಿಯಲ್ಲಿ ನಿಮ್ಮ ಹತ್ತಿರವೇ ಇದೆ.

ನಿಮ್ಮ ಕಾಗದ ತಲುಪಿತು. ನಿಮ್ಮ ಹತ್ತಿ ಮಿಲ್ಲಿನ ಫುಟ್‌ಬಾಲ್ ತಂಡ ಎಲ್ಲರಿಗಿಂತ ಕೆಳಗಿದೆ, ಈ ಶನಿವಾರದ್ದೇ ಕೊನೆಯ ಪಂದ್ಯ, ಸೋತರೆ ಎರಡನೆಯ ದರ್ಜೆಗೆ ಇಳಿಯಬೇಕು, ಇಳಿದ ತಂಡಕ್ಕೆ ಸಾಹುಕಾರರು ಸಂಬಳ ಕೊಡುವುದಿಲ್ಲ ಎಂದು ಬರೆದಿದ್ದೀರಿ. ‘ಉಳಿದರೆ ಇನ್ನೆರಡು ವರ್ಷ ಇಲ್ಲೇ, ಇಳಿದರೆ ಊರಿಗೆ’ ಎಂಬ ಸಾಲನ್ನು ಎಷ್ಟು ಸಲ ಓದಿದೆನೋ. ಇರುವುದು ಒಂದೇ ಅಕ್ಷರದ ವ್ಯತ್ಯಾಸ. ಮಿಲ್ಲಿನ ಕೊಟ್ಟಡಿಯಲ್ಲಿ ಆಟಗಾರರ ಹೆಂಡಂದಿರಿಗೆ ಜಾಗವಿಲ್ಲವಲ್ಲ, ಹಾಗಾಗಿ ನನಗೆ ಅದು ದೊಡ್ಡ ಅಕ್ಷರ.

ನಿಮ್ಮ ಸಣ್ಣಬಸಪ್ಪ ಸಾಹುಕಾರರ ಜಾಣತನವನ್ನು ಅವ್ವನಿಗೆ ಓದಿ ಹೇಳಿದೆ. ಚೆನ್ನಾಗಿ ಆಡುವ ಇಬ್ಬರನ್ನು ಬೇರೆ ಮಿಲ್ಲಿಗೆ ಬಿಟ್ಟುಕೊಟ್ಟು, ಬಂದ ದುಡ್ಡಿನಲ್ಲಿ ಮೈದಾನದ ಸುತ್ತ ತಗಡು ಹೊಡೆಸಿದರಂತೆ, ಟಿಕೇಟಿಲ್ಲದೆ ಯಾರೂ ಇಣುಕಬಾರದೆಂದು. ಈಗ ಒಳಗೆ ಇಣುಕುವಂಥ ಆಟವೇ ಇಲ್ಲ. ಅವ್ವ ‘ಎತ್ತು ಮಾರಿ ಕೊಟ್ಟಿಗಿಗೆ ಬಾಗಿಲಾ ಹಚ್ಚಿದಂಗಾತು’ ಎಂದು ನಕ್ಕಳು. ಬಿಟ್ಟ ಗೋಲುಗಳ ಬೈಗುಳ ಮಾತ್ರ ಗೋಲು ಕಾಯುವ ನಿಮಗೆ.

ಹೋದ ವಾರ ನಿಮ್ಮೂರು ಮಡಕಶಿರಾದಿಂದ ಮಾವನವರು ಬಂದಿದ್ದರು. ‘ಚೆಂಡು ಹಿಡಿಯೋ ಕೈಗೆ ಹಿಪ್ಪುನೇರಳೆ ಸೊಪ್ಪು ಭಾರ ಆಗಾಕಿಲ್ಲ, ಬರ್ಲಿ ಬಿಡವ್ವ’ ಎಂದರು. ನಾನು ತಲೆ ಬಗ್ಗಿಸಿ ನೀರು ತುಂಬಿದ ಚೆಂಬು ಕೊಟ್ಟೆ.

ಸಂಜೆ ಬಳ್ಳಾರಿ ರೈಲು ಕೂಗಿದರೆ ರೊಟ್ಟಿ ತಟ್ಟುವ ಕೈ ತಾನಾಗಿ ನಿಲ್ಲುತ್ತದೆ. ಆಮೇಲೆ ನಿಮ್ಮ ಹೆಸರಿನದೊಂದು ಹೆಚ್ಚಿಗೆ ತಟ್ಟುತ್ತೇನೆ. ಅವ್ವ ಬೆಳಿಗ್ಗೆ ಅದನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನುತ್ತಾಳೆ. ನಿಮ್ಮನ್ನು ನೋಡಬೇಕೆನಿಸಿದೆ. ಇದನ್ನು ಇದಕ್ಕಿಂತ ಚೆಂದವಾಗಿ ಬರೆಯಲು ನನಗೆ ಬರುವುದಿಲ್ಲ.

ಆದರೆ ಹೋದ ವರ್ಷ ಇಲ್ಲಿಯ ಬಯಲಿನಲ್ಲಿ ಆಡಲು ಬಂದಾಗ, ಮಣ್ಣಿನಲ್ಲಿ ಬಿದ್ದು ಚೆಂಡನ್ನು ಎದೆಗೆ ಅವುಚಿಕೊಂಡು ಎದ್ದ ನಿಮ್ಮ ಮುಖವನ್ನೂ ನೋಡಿದ್ದೇನೆ. ನಮ್ಮ ಮದುವೆಯ ದಿನವೂ ಆ ಮುಖ ಅಷ್ಟು ಅರಳಿರಲಿಲ್ಲ. ಅದಕ್ಕೇ ಮೊನ್ನೆ ಶ್ರಾವಣದ ಮೊದಲ ಶನಿವಾರ ಅವ್ವನ ಜೊತೆ ನೇಮಕಲ್ಲಿಗೆ ಹೋಗಿ, ಆಂಜನೇಯಸ್ವಾಮಿಗೆ ನಿಮ್ಮ ತಂಡದ ಹೆಸರಿನಲ್ಲಿ ಮುಡಿಪು ಕಟ್ಟಿ ಬಂದೆ. ಬೇಡಿದ್ದು ಆಗುವವರೆಗೂ ಆ ಅರಿಶಿನ ಬಟ್ಟೆಯ ಗಂಟು ಬಿಚ್ಚುವಂತಿಲ್ಲ. ಧೈರ್ಯವಾಗಿ ಆಡಿರಿ.

ಇಂತಿ ನಿಮ್ಮ ದಾರಿ ನೋಡುವ,
ಓಬಕ್ಕ

ಮತ್ತೆ ಬರೆದದ್ದು: ಮೇಲಿನದು ಸುಳ್ಳಲ್ಲ, ಪೂರ್ತಿಯೂ ಅಲ್ಲ. ‘ನನ್ನ ಗಂಡನ ತಂಡ ಉಳಿಸಪ್ಪ’ ಎನ್ನಲು ಹೋದವಳ ಬಾಯಲ್ಲಿ ‘ಇಳಿಸಪ್ಪ’ ಎಂದು ಬಂತು. ಪಕ್ಕದಲ್ಲಿದ್ದ ಅವ್ವ ‘ಏನಂದ್ಯವ್ವ, ತಿದ್ದಿ ಹೇಳು’ ಎಂದಳು. ನಾನು ತಿದ್ದಲಿಲ್ಲ, ಗಂಟು ಬಿಗಿದೆ. ಶನಿವಾರ ನೀವಾಗಿ ಒಂದು ಚೆಂಡನ್ನೂ ಬಿಡಬೇಡಿರಿ. ಬಿಡಿಸುವ ಕೆಲಸ ಸ್ವಾಮಿಗೆ ಒಪ್ಪಿಸಿದ್ದೇನೆ.