ಕಪ್ಪು ಬಟ್ಟೆಯ ಮುಂದೆ ಎರಡು ಕೈ

ಅಂಗಡಿಯ ಹಿಂದಿನ ಕೋಣೆಯಿಂದ
ಮಾರ್ಚ್ ೯, ಸೋಮವಾರ

ನನ್ನ ಗುಬ್ಬಚ್ಚಿಗೆ ಅಮ್ಮನ ಮುತ್ತುಗಳು.

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ತಾನೇ? ಮಗುವನ್ನು ಬಗ್ಗಿ ಎತ್ತಬೇಡ, ಕೂತು ಎತ್ತಿಕೋ. ಅಳಿಯಂದಿರಿಗೆ ರಾತ್ರಿ ಪಾಳಿ ತಪ್ಪಿತೇ? ನಾನು ಗಟ್ಟಿಮುಟ್ಟಾಗಿದ್ದೇನೆ. ಕನ್ನಡಕದ ಗಾಜು ಉಜ್ಜುವುದು, ಬೆರಳಿಗೆಲ್ಲ ಪುಡಿ ಹತ್ತುವುದು, ನಾನು ಬೈದುಕೊಳ್ಳುವುದು ಎಲ್ಲ ಎಂದಿನಂತೆ ನಡೆದಿದೆ. ನಿನ್ನ ಮೆಸೇಜು ಮುಟ್ಟಿತು. "ಮಗೂಗೆ ಕಿವಿ ಕೇಳ್ಸಲ್ವಂತೆ ಅಮ್ಮಾ, ಸಾರಿ." ಅದಕ್ಕೆ ಉತ್ತರ ಕೊಡದೆ ಬಿಡುವವಳಲ್ಲ ನಾನು. ಆದರೆ ಅದರ ಬೆನ್ನಿಗೇ ಇನ್ನೊಂದು ಕಳಿಸಿದೆಯಲ್ಲ, "ನಿನ್ನ ಕ್ಯಾಮೆರಾ ಸರಿಯಿಲ್ಲ, ಬಿಡು, ಟೈಪ್ ಮಾಡ್ಕೊಂಡೇ ಇರೋಣ" ಅಂತ, ಮೊದಲು ಅದನ್ನು ವಿಚಾರಿಸಿಕೊಳ್ಳುತ್ತೇನೆ. ಮೊಬೈಲಿನಲ್ಲಿ ಬರೆದರೆ ನೀನು ಅರ್ಧ ಓದಿ ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಕೈತೊಳೆದುಕೊಳ್ಳುತ್ತೀಯ. ಅದಕ್ಕೇ ಕಾಗದ.

ಬಿಡಬೇಕಂತೆ! ಹುಟ್ಟಿದಾಗಿನಿಂದ ಕಿವಿ ಕೇಳದ ನಾನು ನಿನ್ನನ್ನು ಬೈದದ್ದು, ಮುದ್ದಿಸಿದ್ದು, ಕಥೆ ಹೇಳಿ ಮಲಗಿಸಿದ್ದು ಎಲ್ಲ ಈ ಎರಡು ಕೈಗಳಿಂದ. ಅಕ್ಷರ ಕಲಿತದ್ದು ಅಂಗಡಿಗೆ ಬರುವವರಿಗೆ ಉತ್ತರ ಕೊಡಲಿಕ್ಕೆ, ಹೆತ್ತ ಮಗಳ ಹತ್ತಿರ ಮಾತಾಡಲಿಕ್ಕಲ್ಲ. ಮೊಬೈಲು ಹಿಡಿದುಕೊಂಡರೆ ಒಂದು ಕೈ ಅದಕ್ಕೇ ಹೋಗುತ್ತದೆ, ಉಳಿಯುವುದು ಅರ್ಧ ಮಾತು. ಆ ಕಾರಣಕ್ಕೇ ಅಲ್ಲವೇ ನೀನು ಹೊರಡುವ ಮುಂಚೆ ನಿನ್ನ ಅಣ್ಣನ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿ, ಮೇಲೊಂದು ಕ್ಯಾಮೆರಾ ಸಿಕ್ಕಿಸಿ ಕೊಟ್ಟದ್ದು? "ಇದು ಯಾರೊಬ್ಬರ ಸ್ವತ್ತೂ ಅಲ್ಲಮ್ಮಾ, ಕೆಟ್ರೆ ನಾವೇ ಬಿಚ್ಚಿ ನೋಡ್ಬಹುದು" ಎಂದು ನೀನೇ ಕೈಯಲ್ಲಿ ಹೇಳಿದ್ದೆ. ನೀನು ಮರೆತಿರಬಹುದು, ನಾನು ಮರೆತಿಲ್ಲ. ಕೊನೆಯ ಸಲ ಮಾತಾಡಿದಾಗ ಎರಡು ಬೆರಳು ಕೂಡಿಸಿ ಕೊಕ್ಕು ಮಾಡಿ ಕೆನ್ನೆಗೆ ತಾಗಿಸಿ ನಿನ್ನನ್ನು ಕರೆದೆ. ಅದು ನಾನು ಕೈಯಲ್ಲಿ ನಿನಗಿಟ್ಟ ಹೆಸರು, ಆ ಮಸುಕಿನಲ್ಲಿ ನಿನಗೇ ಗೊತ್ತಾಗಲಿಲ್ಲ.

ನಿನ್ನ ಅಣ್ಣ ಲ್ಯಾಪ್‌ಟಾಪನ್ನೇ ಎಸೆದು ಹೊಸದು ತಗೋ ಎಂದ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ? ನಾನು ಒಪ್ಪದಿದ್ದಾಗ ರಿಪೇರಿಯವನನ್ನು ಕರೆತಂದ. ಆ ಪುಣ್ಯಾತ್ಮ ಗುರುತಿನ ಚೀಟಿಯ ಫೋಟೋಗೆ ಕೂತವನ ಹಾಗೆ ಮಿಸುಕಾಡದೆ ಕೂತು, "ಮುಖ ಚೆನ್ನಾಗೇ ಕಾಣ್ತಿದೆಯಲ್ಲ, ಇನ್ನೇನು ಬೇಕು ನಿಮ್ಗೆ?" ಎಂದು ಬರೆದು ತೋರಿಸಿದ. ಬರೀ ಮುಖ ಇಟ್ಟುಕೊಂಡು ಉಪ್ಪಿನಕಾಯಿ ಹಾಕಲೇ? ಕೈ ಎತ್ತಿದರೆ ಸಾಕು, ಬೆರಳೆಲ್ಲ ಕಲಸಿಹೋಗಿ ಹೊಗೆಯ ಹಾಗೆ ಕಾಣುತ್ತಿತ್ತು. ಅವನು ಕೈ ಎತ್ತಿದ್ದರೆ ತಾನೇ ಅವನಿಗೆ ಗೊತ್ತಾಗುವುದು. ಚಹಾ ಕೊಟ್ಟು ಕಳಿಸಿದೆ.

ಆಮೇಲೆ ನಾನೇ ಕೂತೆ. ಡ್ರೈವರ್ ಎಂದರೆ ಕ್ಯಾಮೆರಾ ಹೇಳುವುದನ್ನು ಕಂಪ್ಯೂಟರಿಗೆ ತಿಳಿಸುವ ದುಭಾಷಿಯಂತೆ. ಅರ್ಧ ನುಂಗಿ ಅರ್ಧ ಹೇಳುವ ದುಭಾಷಿಗಳನ್ನು ಜೀವಮಾನವೆಲ್ಲ ಕಂಡಿದ್ದೇನೆ, ಇವನಿಗೆ ಹೆದರುತ್ತೇನೆಯೇ? ಮೊದಲ ರೋಗ ಬೇಗ ಸಿಕ್ಕಿತು. ವಿದ್ಯುತ್ ಉಳಿಸುವ ನೆಪದಲ್ಲಿ ಕ್ಯಾಮೆರಾ ನಿದ್ದೆ ಹೋಗುತ್ತಿತ್ತು, ಎಬ್ಬಿಸಿದರೆ ಏಳುತ್ತಿರಲಿಲ್ಲ. ಆ ಉಳಿತಾಯವನ್ನೇ ನಿಲ್ಲಿಸಿದೆ. ಮಸುಕು ಮಾತ್ರ ಜಗ್ಗಲಿಲ್ಲ. ಡ್ರೈವರನ್ನು ಇಳಿಸಿ ಏರಿಸಿದೆ, ಅಪ್‌ಡೇಟ್ ಹಾಕಿದೆ, ಇನ್ನೂ ಹದಗೆಟ್ಟಿತು. ಕೊನೆಗೆ ಈ ಲಿನಕ್ಸ್‌ನವರೆಲ್ಲ ಸೇರುವ ಜಾಲತಾಣದಲ್ಲಿ ದೂರು ಬರೆದೆ. ನಾಲ್ಕಾರು ಜನ "ನಮ್ಮಲ್ಲಿ ಸರಿಯಾಗೇ ಇದೆ" ಎಂದು ಮೀಸೆ ತಿರುವಿದರು. ಯಾರೋ ಒಬ್ಬರು ಮಾತ್ರ, ಹೆಣ್ಣೋ ಗಂಡೋ ತಿಳಿಯದು, "ಕ್ಯಾಮೆರಾ ಮುಂದೆ ನೀವು ಏನು ಮಾಡ್ತೀರಿ? ಹಿಂದೆ ಏನಿದೆ?" ಎಂದು ಕೇಳಿದರು. ಮಾತಾಡುತ್ತೇನೆ, ಕೈಯಲ್ಲಿ, ಹಿಂದೆ ಕಪ್ಪು ಬಟ್ಟೆ ಕಟ್ಟಿದ್ದೇನೆ, ಮೈಮೇಲೂ ಕಪ್ಪೇ, ಎಂದೆ.

ನಾವು ಕೈಮಾತಿನವರು ಹಾಗೆ ತಾನೇ ಕೂರುವುದು, ಬೆರಳು ಎದ್ದು ಕಾಣಲಿ ಎಂದು? ಕ್ಯಾಮೆರಾ ಆ ಕಪ್ಪನ್ನು ಕಂಡು ಕೋಣೆಯೇ ಕತ್ತಲೆ ಎಂದುಕೊಳ್ಳುತ್ತಿತ್ತಂತೆ. ಬೆಳಕು ಸಾಲದೆಂದು ಒಂದೊಂದು ಚಿತ್ರವನ್ನೂ ನಿಧಾನವಾಗಿ ತೆಗೆಯುತ್ತಿತ್ತಂತೆ. ಅಷ್ಟರಲ್ಲಿ ನನ್ನ ಕೈ ಮೂರು ಮಾತು ಆಡಿ ಮುಗಿಸಿರುತ್ತಿತ್ತು. ಮಸುಕು ಹೆಚ್ಚಾದಷ್ಟೂ ನಾನು ಇನ್ನೂ ದಟ್ಟ ಕಪ್ಪು ಬಟ್ಟೆ ತಂದು ಕಟ್ಟಿದ್ದೆ ನೋಡು! ನಗಬೇಡ. "ಬಟ್ಟೆ ತೆಗೆದ್ರೆ ಸರಿಹೋಗುತ್ತೆ, ತೆಗೆಯೋಕೆ ಇಷ್ಟ ಇಲ್ದಿದ್ರೆ ಇದನ್ನ ಟೈಪ್ ಮಾಡಿ" ಎಂದು ಆ ಪುಣ್ಯವಂತರು ಒಂದು ಸಾಲು ಕಳಿಸಿದರು. ಬಟ್ಟೆ ತೆಗೆಯಲಿಲ್ಲ. ನನ್ನ ಮಾತಿನ ರೀತಿಗೆ ಕ್ಯಾಮೆರಾ ಹೊಂದಿಕೊಳ್ಳಲಿ, ನಾನೇಕೆ ಹೊಂದಿಕೊಳ್ಳಲಿ? ಆ ಸಾಲು ಹೊಡೆದೆ, ಕ್ಯಾಮೆರಾ ನಿಧಾನಿಸುವುದು ನಿಂತಿತು. ಬೆಳಕು ಕಮ್ಮಿಯಾಗಿ ಚಿತ್ರ ಒಂದಿಷ್ಟು ಮಂಕಾಯಿತು ನಿಜ, ಮೇಜಿನ ದೀಪ ಕೈಗಳ ಮೇಲೆ ತಿರುಗಿಸಿಕೊಂಡೆ. ಈಗ ಹತ್ತು ಬೆರಳೂ ಬೇರೆ ಬೇರೆ ಕಾಣುತ್ತವೆ, ಉಗುರಿನ ಸಂದಿಯ ಗಾಜಿನ ಪುಡಿ ಸಮೇತ.

ಅಳಿಯಂದಿರಿಗೆ ನನ್ನ ನೆನಪು ಹೇಳು. ಮಗುವಿನ ಎರಡೂ ಅಂಗೈಗೆ ಒಂದೊಂದು ಮುತ್ತು ಕೊಡು. ನೂರು ಕಾಲ ಬಾಳಿ.

ಇಂತಿ,
ಹಠಮಾರಿ ಅಮ್ಮ

ಮರೆತಿದ್ದೆ: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಸಾರಿ ಎಂದೆಯಲ್ಲ, ಯಾತಕ್ಕೆ? ನನ್ನಂಥದೇ ಒಂದು ಜೀವ ಹುಟ್ಟಿದ್ದಕ್ಕೆ ನನ್ನ ಹತ್ತಿರವೇ ಕ್ಷಮೆ ಕೇಳುತ್ತೀಯಾ? ಓದಿದಾಗ ನಾನೂ ಅತ್ತುಬಿಟ್ಟೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಕ್ಯಾಮೆರಾ ಸರಿಹೋಯಿತು. ನಿನ್ನ ಮಗನನ್ನು ಯಾರೂ ಸುಮ್ಮನೆ ಕೂರಿಸಿ ನೋಡಿ ಇಂಥದ್ದು ಕಮ್ಮಿ ಎಂದು ಹೇಳುವುದು ಬೇಡ. ದಿನಾ ಸಂಜೆ ಅಂಗಡಿ ಮುಚ್ಚಿ ಕಪ್ಪು ಬಟ್ಟೆಯ ಮುಂದೆ ಕೂತಿರುತ್ತೇನೆ. ಕಾಗದ ಸಿಕ್ಕ ದಿನವೇ ಅವನನ್ನು ಮಡಿಲಲ್ಲಿ ಕೂರಿಸಿಕೊಂಡು ಕ್ಯಾಮೆರಾ ಮುಂದೆ ಬಾ. ನಿನಗಿಟ್ಟ ಹಾಗೆ ಅವನಿಗೂ ಒಂದು ಹೆಸರು ಇಟ್ಟಿದ್ದೇನೆ. ಅದನ್ನು ಬರೆಯಲು ಬರುವುದಿಲ್ಲ.