ಅಶ್ವಗಂಧದ ಎಲೆಗಳ ವಿಚಾರ

ಧಾರವಾಡ, ನವೆಂಬರ್ ೧೯೩೮

ತಾರಕ್ಕಾ,

ನೀನು ಪಂಢರಪುರದಲ್ಲಿ ತೀರಿಕೊಂಡು ಎರಡು ವರ್ಷವಾಯಿತು. ಇದನ್ನು ಅಂಚೆಗೆ ಹಾಕುವುದಿಲ್ಲ. ಆದರೂ ನಡೆದದ್ದನ್ನು ನಿನಗೆ ತಿಳಿಸಬೇಕು.

ಕೆಲಗೇರಿಯ ನಮ್ಮ ಔಷಧಿ ತೋಟದಲ್ಲಿ ಈ ವರ್ಷ ಮತ್ತೆ ಅಶ್ವಗಂಧದ ಎಲೆಗಳ ಮೇಲೆ ಕಂದು ಚುಕ್ಕೆ ಬಿದ್ದವು. ಸೋಮವಾರ ನಾಲ್ಕು ಎಲೆ ಕಿತ್ತುಕೊಂಡು ಕೃಷಿ ಇಲಾಖೆಯ ನೀಲಪ್ಪನವರ ಬಳಿ ಹೋದೆ. ಅವರು ಸೂಕ್ಷ್ಮದರ್ಶಕದಲ್ಲಿ ನೋಡಿ ನನಗೂ ತೋರಿಸಿದರು. ಚುಕ್ಕೆಯ ತುಂಬ ಗದೆಯಾಕಾರದ ಕರಿಯ ಕಣಗಳಿದ್ದವು.

"ಇದು ಬೂಷ್ಟಿನ ರೋಗರಿ, ವೈದ್ಯರ. ಗಾಳ್ಯಾಗ ಹಾರಿ ಬರ್ತದ, ಇಬ್ಬನಿ ಬಿದ್ರ ಬೆಳೀತದ. ಚುಕ್ಕಿ ಬಿದ್ದ ಎಲಿ ಲಗೂನ ಕಿತ್ತು ಸುಟ್ಟುಬಿಡ್ರಿ. ಇಲ್ಲಾಂದ್ರ ಇಡೀ ತ್ವಾಟ ಹೋಗ್ತದ."

ಹಿಂದೆ ಮೊದಲ ಸಲ ಈ ಚುಕ್ಕೆ ಬಿದ್ದ ವರ್ಷ, ಗಂಡ ತೀರಿಹೋಗಿ ನಮ್ಮ ಮನೆಯಲ್ಲೇ ಇದ್ದ ನೀನು ದಿನಾ ಬೆಳಿಗ್ಗೆ ಮಾಡುತ್ತಿದ್ದದ್ದೂ ಅದನ್ನೇ. ಚುಕ್ಕೆಯ ಎಲೆಗಳನ್ನು ಕಿತ್ತು ಒಲೆಗೆ ಹಾಕುತ್ತಿದ್ದೆ. ವಿಧವೆಯ ಕೈ ತಾಗಿ ಗಿಡ ಕೆಡುತ್ತಿವೆ ಎಂದು ನಾನು ನಿನ್ನನ್ನು ತಡೆದೆ.

"ಆತು ಏಕನಾಥ, ಇನ್ನ ಮುಟ್ಟಂಗಿಲ್ಲ," ಎಂದಷ್ಟೇ ನೀನು ಹೇಳಿದ್ದು.

ಹದಿನೈದು ದಿನಗಳಲ್ಲಿ ಗಿಡಗಳೆಲ್ಲ ಒಣಗಿದವು. ಅದಕ್ಕೂ ನಾನು ನಿನ್ನನ್ನೇ ದೂರಿದೆ. ಮರುತಿಂಗಳು ನೀನು ಪಂಢರಪುರಕ್ಕೆ ಹೊರಟುಹೋದೆ.

"ಮೊದಲ ಯಾರರ ಹಿಂಗ ಎಲಿ ಕಿತ್ತು ಸುಟ್ಟು ನೋಡಿದ್ರೇನು?" ಎಂದು ನೀಲಪ್ಪನವರು ಕೇಳಿದರು.

"ನಮ್ಮ ಮನ್ಯಾಗ ಒಬ್ಬರು ಮಾಡ್ತಿದ್ರು," ಎಂದೆ.

"ಹೆಸರು ಹೇಳ್ರಿ, ವರದಿಯೊಳಗ ಬರೀತೇನಿ."

ತಾರಾಬಾಯಿ ಎಂದೆ. ಬರೆದುಕೊಂಡು, ಸರಿಯಿದೆಯೇ ನೋಡಿ ಎಂದು ಕಾಗದವನ್ನು ನನ್ನ ಕಡೆಗೆ ತಿರುಗಿಸಿದರು. ಸರಿಯಾಗಿಯೇ ಇತ್ತು. ಹೌದೆಂದು ಕಾಗದವನ್ನು ಅವರ ಕಡೆಗೆ ತಿರುಗಿಸಿದೆ.

ಏಕನಾಥ